ಆಟಗಾರನ ಬಾಯಿಗೆ ಮಾರುಕಟ್ಟೆಯ ಬೀಗ

‘ಹರ್ತ್‌ಸ್ಟೋನ್’ ಎಂಬ ವಿಡಿಯೊ ಗೇಮಿನ ಏಷ್ಯಾ-ಪೆಸಿಫಿಕ್ ವಲಯದ ಪಂದ್ಯವೊಂದನ್ನು 2019ರ ಅಕ್ಟೋಬರ್ 6ರಂದು ಗೆದ್ದವರು ಹಾಂಗ್‌ಕಾಂಗ್‌ನ ಯುವ ಆಟಗಾರ ಎಂಗ್ ವೈ ಚುಂಗ್. ಆಟದ ಜಗತ್ತು ಅವರನ್ನು ‘ಬ್ಲಿಟ್ಜ್‌ಚಂಗ್’ ಎಂದು ಬಲ್ಲುದು. ಗೆಲುವಿನ ನಂತರದ ನೇರ ಪ್ರಸಾರದ ಸಂದರ್ಶನಕ್ಕೆ ಅವರು ಅನಿಲ ನಿರೋಧಕ ಮುಖಗವಸು ಧರಿಸಿ ಬಂದರು. ಹಾಂಗ್‌ಕಾಂಗ್‌ನ ಪ್ರತಿಭಟನಕಾರರು ಮುಖ ಮುಚ್ಚಿಕೊಳ್ಳುವುದನ್ನು ನಿಷೇಧಿಸುವ ಕಾನೂನು ಜಾರಿಗೆ ಬಂದದ್ದು ಅದರ ಹಿಂದಿನ ದಿನವಷ್ಟೇ. ‘ಹಾಂಗ್‌ಕಾಂಗ್ ಬಿಡುಗಡೆಯಾಗಲಿ, ಇದು ನಮ್ಮ ಕಾಲದ ಕ್ರಾಂತಿ’ ಎಂದು ಅವರು ಕೂಗಿದರು. ವೀಕ್ಷಕ ವಿವರಣೆ ನೀಡುತ್ತಿದ್ದ ಇಬ್ಬರು ತಲೆ ತಗ್ಗಿಸಿ ಮೇಜಿನ ಮರೆಗೆ ಸರಿದರು.

ಎರಡೇ ದಿನಗಳಲ್ಲಿ ಆಟದ ಒಡೆತನ ಹೊಂದಿದ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ ತೀರ್ಪಿತ್ತಿತು. ಆಟಗಾರನಿಗೆ ಒಂದು ವರ್ಷದ ನಿಷೇಧ, ಬಹುಮಾನದ ಹಣವೂ ಇಲ್ಲ. ಮೇಜಿನ ಮರೆಯಲ್ಲಿ ಅವಿತ ಇಬ್ಬರೂ ಕೆಲಸ ಕಳೆದುಕೊಂಡರು.

ಆಟದ ವೇದಿಕೆಯಲ್ಲಿ ರಾಜಕೀಯ ಬೇಡ ಎಂಬ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಗೆದ್ದವರೆಲ್ಲ ಮೈಕು ಹಿಡಿದು ಘೋಷಣೆ ಕೂಗತೊಡಗಿದರೆ ನೋಡುಗನಿಗೆ ಬೇಸರವಾದೀತು. ಆದರೆ ಬ್ಲಿಝಾರ್ಡ್ ಉಲ್ಲೇಖಿಸಿದ ನಿಯಮ ಅದಲ್ಲ. ಸಾರ್ವಜನಿಕರಲ್ಲಿ ಒಂದು ವರ್ಗದ ಮನಸ್ಸನ್ನು ನೋಯಿಸಿದರೆ ಅಥವಾ ಸಂಸ್ಥೆಯ ವರ್ಚಸ್ಸಿಗೆ ಧಕ್ಕೆ ತಂದರೆ ಶಿಕ್ಷೆ. ಯಾವುದು ಧಕ್ಕೆ ಎಂಬುದನ್ನು ನಿರ್ಧರಿಸುವುದು ಸಂಸ್ಥೆಯದೇ ವಿವೇಚನೆ. ಯಾವ ವರ್ಗ ನೊಂದಿತು ಎಂದು ಕೇಳಿದರೆ ನಿಯಮದಲ್ಲಿ ಉತ್ತರವಿಲ್ಲ.

ಉತ್ತರದ ಸುಳಿವು ಬೇರೆಡೆ ಇತ್ತು. ಬ್ಲಿಝಾರ್ಡ್‌ನ ಆಟಗಳನ್ನು 2008ರಿಂದ ಚೀನಾದಲ್ಲಿ ನಡೆಸುತ್ತಿದ್ದುದು ನೆಟ್‌ಈಸ್ ಕಂಪನಿ. ಬ್ಲಿಝಾರ್ಡ್‌ನ ಮಾತೃಸಂಸ್ಥೆಯಲ್ಲಿ ಚೀನಾದ ಟೆನ್ಸೆಂಟ್‌ಗೆ ಸುಮಾರು ಶೇ 5ರಷ್ಟು ಪಾಲಿತ್ತು. ಇಂಗ್ಲಿಷ್ ಹೇಳಿಕೆ ನಿಯಮದ ಮಾತನ್ನಷ್ಟೇ ಆಡಿದರೆ, ಚೀನಾದ ವೀಬೊ ಜಾಲತಾಣದಲ್ಲಿ ಅದೇ ಆಟದ ಖಾತೆ ಘಟನೆಯನ್ನು ತೀವ್ರವಾಗಿ ಖಂಡಿಸಿ, ದೇಶದ ಘನತೆಯನ್ನು ಕಾಯುವುದಾಗಿ ಸಾರಿತು. ಯಾವ ದೇಶದ ಘನತೆ? ಅದನ್ನು ಬರೆದದ್ದು ನೆಟ್‌ಈಸ್ ಎಂದು ಬ್ಲಿಝಾರ್ಡ್ ಆಮೇಲೆ ಸಮಜಾಯಿಷಿ ನೀಡಿತು. ತನ್ನ ಹೆಸರಿನ ಆಟದ ಪರವಾಗಿ ಬೇರೊಬ್ಬರು ಮಾತನಾಡಲು ಬಿಟ್ಟವರು ಆ ಮಾತಿನ ಹೊಣೆಯಿಂದ ಹೀಗೆ ನುಣುಚಿಕೊಳ್ಳುವುದು ನನಗೆ ಒಪ್ಪಿಗೆಯಾಗದು.

ವಿರೋಧ ಮೊದಲು ಎದ್ದದ್ದು ಮನೆಯೊಳಗೇ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿರುವ ಕೇಂದ್ರ ಕಚೇರಿಯ ಅಂಗಳದ ಪ್ರತಿಮೆಯ ಸುತ್ತ ಸಂಸ್ಥೆಯ ಧ್ಯೇಯಗಳ ಫಲಕಗಳಿವೆ. ‘ಪ್ರತಿ ದನಿಗೂ ಬೆಲೆಯಿದೆ’ ಎಂಬರ್ಥದ ಫಲಕವನ್ನು ಯಾರೋ ಕಾಗದ ಅಂಟಿಸಿ ಮುಚ್ಚಿದರು. ಕೆಲವು ನೌಕರರು ಕೊಡೆ ಹಿಡಿದು ನಿಂತರು. ಅಮೆರಿಕದ ಸಂಸತ್ತಿನ ಎರಡೂ ಪಕ್ಷಗಳ ಐವರು, ರಾನ್ ವೈಡನ್ ಮತ್ತು ಮಾರ್ಕೊ ರುಬಿಯೊ ಸಹಿತ, ಪತ್ರ ಬರೆದರು. ಅಷ್ಟರಲ್ಲಿ ಅಧ್ಯಕ್ಷ ಜೆ. ಆಲನ್ ಬ್ರ್ಯಾಕ್ ಬಹುಮಾನ ಮರಳಿಸಿ, ಮೂವರ ಶಿಕ್ಷೆಯನ್ನೂ ಆರು ತಿಂಗಳಿಗೆ ಇಳಿಸಿದ್ದರು. ಚೀನಾದ ಸಂಬಂಧಗಳು ನಿರ್ಧಾರದ ಮೇಲೆ ಪ್ರಭಾವ ಬೀರಿಲ್ಲ ಎಂದೂ ಹೇಳಿದ್ದರು.

ವಾಷಿಂಗ್ಟನ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಈ ಮಾತನ್ನು ಪರೀಕ್ಷಿಸಿಯೇ ನೋಡಿದ್ದರೆನ್ನಬಹುದು. ಅಕ್ಟೋಬರ್ 8ರ ಪಂದ್ಯದಲ್ಲಿ ಅವರು ಹಾಂಗ್‌ಕಾಂಗ್ ಪರ ಫಲಕ ಹಿಡಿದರು. ಕೂಡಲೇ ಶಿಕ್ಷೆ ಬರಲಿಲ್ಲ. ತಾರತಮ್ಯವನ್ನು ಎತ್ತಿ ತೋರಿಸಿ ತಂಡವೇ ಹಿಂದೆ ಸರಿಯಿತು. ಆಮೇಲಷ್ಟೇ ಅವರಿಗೂ ಆರು ತಿಂಗಳು. ನವೆಂಬರ್‌ನಲ್ಲಿ ಬ್ರ್ಯಾಕ್ ವೇದಿಕೆಯೇರಿ ಕ್ಷಮೆ ಕೇಳಿದರಾದರೂ ಶಿಕ್ಷೆ ರದ್ದಾಗಲಿಲ್ಲ.

ಇಷ್ಟೆಲ್ಲ ಮಾಡಿ ಕಾಪಾಡಿಕೊಂಡ ಮಾರುಕಟ್ಟೆಯಾದರೂ ಉಳಿಯಿತೆ? ಒಪ್ಪಂದ ನವೀಕರಣದ ಮಾತುಕತೆ ಮುರಿದು 2023ರ ಜನವರಿಯಲ್ಲಿ ಬ್ಲಿಝಾರ್ಡ್‌ನ ಬಹುತೇಕ ಆಟಗಳು ಚೀನಾದಲ್ಲಿ ಸ್ಥಗಿತಗೊಂಡವು. ಮತ್ತೆ ಕೈಜೋಡಿಸುವ ಘೋಷಣೆ ಬಂದದ್ದು 2024ರ ಏಪ್ರಿಲ್‌ನಲ್ಲಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ನೆಟ್‌ಈಸ್ ತನ್ನದೇ ‘ಮಾರ್ವೆಲ್ ರೈವಲ್ಸ್’ ಆಟವನ್ನು ಜಗತ್ತಿನಾದ್ಯಂತ ಬಿಡುಗಡೆ ಮಾಡಿತು. ‘ಹಾಂಗ್‌ಕಾಂಗ್ ಬಿಡುಗಡೆಯಾಗಲಿ’, ‘ತಿಯನನ್ಮೆನ್ ಚೌಕ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಟೈಪ್ ಮಾಡಿದರೆ ಆಟದೊಳಗಿನ ಚಾಟ್ ಅವನ್ನು ಕಳುಹಿಸಲು ನಿರಾಕರಿಸುವುದನ್ನು ಆಟಗಾರರು ಕೆಲವೇ ವಾರಗಳಲ್ಲಿ ಕಂಡುಕೊಂಡರು. ಈ ಸಲ ಯಾರನ್ನೂ ನಿಷೇಧಿಸುವ ಅಗತ್ಯ ಬೀಳಲಿಲ್ಲ.