ಕಾಯುವ ಹೊತ್ತು ವ್ಯರ್ಥವಾಗದಿರಲಿ

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳಿಗೆ, ಕೆಲವು ವಿನಾಯಿತಿಗಳ ಹೊರತು, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಬಿಲ್ಲಿನ ವಿವರ ಪೋರ್ಟಲಿಗೆ ತಲುಪಿ, ಅಲ್ಲಿಂದ ಉಲ್ಲೇಖ ಸಂಖ್ಯೆ ಬರುವವರೆಗೆ ತಂತ್ರಾಂಶ ಕಾಯಬೇಕು. ಆ ಅವಧಿಯಲ್ಲಿ ಗಣಕದ ಪರದೆ ಸ್ತಬ್ಧವಾದರೆ ಮುಂದಿನ ಬಿಲ್ಲೂ ನಿಲ್ಲುತ್ತದೆ, ಸರಕು ತುಂಬಿದ ಲಾರಿಯೂ ನಿಲ್ಲುತ್ತದೆ. ಇಂತಹ ವಿಳಂಬಕ್ಕೆ ಪೋರ್ಟಲ್ ಒಂದೇ ಕಾರಣವಲ್ಲ. ಕಾಯುವ ಕೆಲಸವನ್ನು ತಂತ್ರಾಂಶ ನಿಭಾಯಿಸುವ ರೀತಿಯೂ ಕಾರಣವಾಗಿರಬಹುದು. ಉತ್ತರಕ್ಕಾಗಿ ಕಾಯುತ್ತಲೇ ಇತರ ಕೆಲಸ ಮುಂದುವರಿಸುವ ಈ ವಿಧಾನಕ್ಕೆ ಅಸಿಂಕ್ರೋನಸ್ ಪ್ರೋಗ್ರಾಮಿಂಗ್ ಎಂದು ಹೆಸರು.

ಒಬ್ಬನೇ ಗುಮಾಸ್ತನ ಪದ್ಧತಿ

ಜಾವಾಸ್ಕ್ರಿಪ್ಟ್ ಭಾಷೆಯದು ಒಬ್ಬನೇ ಚುರುಕಾದ ಗುಮಾಸ್ತನಿರುವ ಅಂಗಡಿಯ ಪದ್ಧತಿ. ಆತ ಬೇಡಿಕೆಯನ್ನು ಕಳುಹಿಸಿ, ಉತ್ತರ ಬಂದಾಗ ಮಾಡಬೇಕಾದುದನ್ನು ಗುರುತು ಹಾಕಿಕೊಂಡು, ಮುಂದಿನ ಗಿರಾಕಿಯತ್ತ ತಿರುಗುತ್ತಾನೆ. ಇಂತಹ ಗುರುತುಗಳು ಒಂದರೊಳಗೊಂದು ಹೆಣೆದುಕೊಂಡು ಗೋಜಲಾಗುತ್ತಿದ್ದುದರಿಂದ 2015ರಲ್ಲಿ ‘ಪ್ರಾಮಿಸ್’, 2017ರಲ್ಲಿ ‘ಅಸಿಂಕ್-ಅವೇಟ್’ ಎಂಬ ಸರಳ ರೂಪಗಳು ಆ ಭಾಷೆಯ ಮಾನಕಕ್ಕೆ ಸೇರಿದವು. ಸಿ ಶಾರ್ಪ್ ಈ ರೂಪವನ್ನು 2012ರಲ್ಲಿಯೇ, ಪೈಥಾನ್ 2015ರಲ್ಲಿ ಅಳವಡಿಸಿಕೊಂಡಿದ್ದವು. ಆದರೆ ಒಬ್ಬನೇ ಗುಮಾಸ್ತ ದೀರ್ಘ ಲೆಕ್ಕದಲ್ಲಿ ಮುಳುಗಿದರೆ ಉಳಿದವರೆಲ್ಲ ಕಾಯಬೇಕಾಗುತ್ತದೆ ಎಂಬುದು ಗಮನಾರ್ಹ.

ಹಲವು ಕೈಗಳ ಪದ್ಧತಿ

ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ 1980ರ ದಶಕದಲ್ಲಿ ಎರಿಕ್ಸನ್ ಸಂಸ್ಥೆಯಲ್ಲಿ ರೂಪುಗೊಂಡ ಎರ್ಲಾಂಗ್ ಭಾಷೆಯ ಹಾದಿ ಬೇರೆ. ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕವಾದ ಹಗುರ ಘಟಕವುಂಟು. ಒಂದು ಕುಸಿದರೆ ಅದನ್ನು ಮಾತ್ರ ಪುನಃ ಆರಂಭಿಸಬಹುದು. ಗೂಗಲ್ 2009ರಲ್ಲಿ ಪ್ರಕಟಿಸಿದ ಗೋ ಭಾಷೆ ಸಾವಿರಾರು ಇಂತಹ ಘಟಕಗಳನ್ನು ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಹಂಚುತ್ತದೆ. ಜಾವಾ ಕೂಡ 2023ರ 21ನೇ ಆವೃತ್ತಿಯಲ್ಲಿ ‘ವರ್ಚುವಲ್ ಥ್ರೆಡ್’ಗಳ ಮೂಲಕ ಇದೇ ದಿಕ್ಕಿಗೆ ಹೊರಳಿತು.

ಕೇಳಬೇಕಾದ ಪ್ರಶ್ನೆಗಳು

ಭಾಷೆ ಯಾವುದೇ ಇರಲಿ, ವ್ಯವಹಾರದ ಎಚ್ಚರ ಅದರೊಂದಿಗೆ ತಾನಾಗಿ ಬರುವುದಿಲ್ಲ. ಪಾವತಿಯ ಆದೇಶ ಬ್ಯಾಂಕಿಗೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ತಪ್ಪಿಹೋದರೆ, ತಂತ್ರಾಂಶ ಅದೇ ಆದೇಶವನ್ನು ಹೊಸದೆಂಬಂತೆ ಮತ್ತೆ ಕಳುಹಿಸಿ ಹಣ ಎರಡು ಬಾರಿ ಸಂದಾಯವಾಗುವ ಅಪಾಯವಿದೆ. ಪ್ರತಿ ಆದೇಶಕ್ಕೂ ಬದಲಾಗದ ಒಂದು ಗುರುತು ಸಂಖ್ಯೆಯಿದ್ದು, ಬ್ಯಾಂಕಿನ ವ್ಯವಸ್ಥೆಯೂ ಅದನ್ನು ಪರಿಶೀಲಿಸಿದಲ್ಲಿ ಇದನ್ನು ತಡೆಯಬಹುದು.

ಆದುದರಿಂದ ತಂತ್ರಾಂಶ ಕೊಳ್ಳುವ ಉದ್ಯಮಿಗಳು ಭಾಷೆಯ ಹೆಸರಿಗಿಂತ ಮೊದಲು ಮೂರು ವಿಷಯ ವಿಚಾರಿಸುವುದು ಒಳಿತು: ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತದೆ? ಅಷ್ಟರಲ್ಲಿ ಉಳಿದ ಬಿಲ್ಲುಗಳು ಸಾಗುತ್ತವೆಯೇ? ಮರುಪ್ರಯತ್ನದಲ್ಲಿ ಒಂದೇ ವ್ಯವಹಾರ ಎರಡಾಗದಂತೆ ಏನು ವ್ಯವಸ್ಥೆಯಿದೆ? ಉತ್ತರಗಳನ್ನು ಖರೀದಿ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಜಾಣತನ.