ಆನೆಗೊಂದಿಯ ಹರಳು, ಕೈಗಾದ ಕವಚ

ಆನೆಗೊಂದಿಯ ಬಂಡೆಗಳೆಂದರೆ ನಮಗೆ ವಾಲಿ-ಸುಗ್ರೀವರು ನೆನಪಾಗುತ್ತಾರೆ, ಇಲ್ಲವೇ ವಿಜಯನಗರದ ಅರಸರು. ಬಂಡೆಯ ವಯಸ್ಸಿನೆದುರು ಇವೆರಡೂ ನಿನ್ನೆ ಮೊನ್ನೆಯ ಸಂಗತಿಗಳು. ತುಂಗಭದ್ರೆಯ ಎರಡೂ ದಡಗಳಲ್ಲಿ ಹರಡಿರುವ ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ.

ಇಂಥ ಶಿಲೆಗಳ ವಯಸ್ಸನ್ನು ಹೇಳುವುದು ಅವುಗಳೊಳಗಿನ ಜಿರ್ಕಾನ್ ಎಂಬ ಪುಟ್ಟ ಹರಳು. ಹುಟ್ಟುವಾಗಲೇ ಅದು ತುಸು ಯುರೇನಿಯಂ ನುಂಗಿಕೊಂಡಿರುತ್ತದೆ. ಯುರೇನಿಯಂ ಕ್ಷಯಿಸುತ್ತ ಸೀಸವಾಗುತ್ತದೆ. ಎರಡರ ಅನುಪಾತವೇ ಗಡಿಯಾರ. ಆದರೆ ಪ್ರತಿ ಆಲ್ಫಾ ಕ್ಷಯದಲ್ಲೂ ಆಲ್ಫಾ ಕಣ ಒಂದೆಡೆ ಚಿಮ್ಮಿದರೆ, ಉಳಿದ ಭಾರದ ಬೀಜಕೇಂದ್ರ ಕೋವಿಯಂತೆ ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಸುಮಾರು ಸಾವಿರ ಪರಮಾಣುಗಳು ಸ್ಥಾನಪಲ್ಲಟಗೊಳ್ಳುತ್ತವೆ. ಕೋಟ್ಯಂತರ ವರ್ಷ ಇದು ನಡೆದರೆ ಹರಳಿನ ಹೊರ ಆಕಾರ ಹಾಗೆಯೇ ಇದ್ದು ಒಳಗು ಗಾಜಿನಂತಾಗಿಬಿಡುತ್ತದೆ. ಗಾತ್ರವೂ ಶೇಕಡ 18ರವರೆಗೆ ಉಬ್ಬಿ ಸುತ್ತಲಿನ ಕಲ್ಲನ್ನೇ ಸೀಳಬಹುದು. ನಾರ್ವೆಯ ಬ್ರೋಗರ್ 1893ರಲ್ಲಿ ಇದಕ್ಕೆ 'ಮೆಟಾಮಿಕ್ಟ್' ಎಂದು ಹೆಸರಿಟ್ಟ. ವಿಕಿರಣಶೀಲತೆ ಎಂಬುದನ್ನೇ ಜಗತ್ತು ಆಗಿನ್ನೂ ಅರಿತಿರಲಿಲ್ಲ!

ಇದೇ ಜಿರ್ಕಾನ್ ಸಮುದ್ರತೀರದ ಮರಳಿನಲ್ಲಿಯೂ ದೊರೆಯುತ್ತದೆ. ಅದರಿಂದ ತೆಗೆದ ಜಿರ್ಕೋನಿಯಂ ಲೋಹ ನ್ಯೂಟ್ರಾನ್‌ಗಳನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಕೈಗಾ ಸ್ಥಾವರದಲ್ಲಿ ಇಂಧನದ ಕವಚವಾಗಿದೆ. ಲೋಹಕ್ಕೆ ತವರ, ಕಬ್ಬಿಣ, ಕ್ರೋಮಿಯಂಗಳನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಕಬ್ಬಿಣ ಮತ್ತು ಕ್ರೋಮಿಯಂ ಪೂರ್ತಿ ಕರಗದೆ, ಜಿರ್ಕೋನಿಯಂ ಜೊತೆಗೂಡಿ ಅತಿಸೂಕ್ಷ್ಮ ಹರಳುಗಳಾಗಿ ನಿಲ್ಲುತ್ತವೆ. ಬಿಸಿನೀರು ಲೋಹವನ್ನು ತಿನ್ನದಂತೆ ಕಾಯುವುದರಲ್ಲಿ ಈ ಹರಳುಗಳ ಪಾಲು ದೊಡ್ಡದು.

ನ್ಯೂಟ್ರಾನ್‌ಗಳ ಹೊಡೆತಕ್ಕೆ ಸುತ್ತಲಿನ ಲೋಹ ಹರಳಾಗಿಯೇ ಉಳಿಯುತ್ತದೆ. ಕುಸಿಯುವುದು ಈ ಕಾವಲುಗಾರರೇ. ಕಾರಣ ಸರಳ. ಗಂಗಾವತಿಯ ಬಸ್ಸಿನಲ್ಲಿ ಯಾರು ಎಲ್ಲಿ ಕುಳಿತರೂ ನಡೆಯುತ್ತದೆ. ಮುಂಗಡ ಕಾಯ್ದಿರಿಸಿದ ರೈಲುಬೋಗಿಯಲ್ಲಿ ಒಬ್ಬ ಸೀಟು ತಪ್ಪಿದರೆ ಗದ್ದಲ. ಶುದ್ಧ ಲೋಹ ಬಸ್ಸು, ಲೋಹಸಂಯುಕ್ತ ರೈಲು. ಶಾಖ ಹೆಚ್ಚಿದ್ದರೆ ಪರಮಾಣುಗಳು ಓಡಾಡಿ ತಮ್ಮ ಜಾಗ ಹುಡುಕಿಕೊಂಡಾವು. ರಿಯಾಕ್ಟರಿನ ಸುಮಾರು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆ ದುರಸ್ತಿಗಿಂತ ಹಾನಿಯೇ ಮುಂದಾಗುವುದುಂಟು. ಹರಳು ಅಸ್ಫಟಿಕವಾಗುತ್ತ ಕಬ್ಬಿಣ ಹೊರಗೆ ಸೋರುತ್ತದೆ, ಲೋಹ ತುಕ್ಕು ತಡೆಯುವ ರೀತಿಯೂ ಬದಲಾಗುತ್ತದೆ.

ಈ ಸೂಕ್ಷ್ಮವನ್ನು ಇಲ್ಲಿ ಹೇಳಲು ಕಾರಣವಿದೆ. ಕೊಪ್ಪಳ ಜಿಲ್ಲೆಯಲ್ಲಿ ಅಣುಸ್ಥಾವರಕ್ಕೆ ಜಾಗ ಹುಡುಕುವ ಸುದ್ದಿ 2025ರಲ್ಲಿ ಬಂದಾಗ ಎದ್ದ ಚರ್ಚೆಯಲ್ಲಿ ಭಯವೂ ಇತ್ತು, ಭರವಸೆಯೂ ಇತ್ತು. ಲೋಹದ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಅಪಾಯ ಖಚಿತವೆಂದು ನಾನು ವಾದಿಸುತ್ತಿಲ್ಲ. ಕವಚ ಎಷ್ಟು ಕಾಲ ಒಳಗಿರುತ್ತದೆ, ಹೊರಬಂದ ಇಂಧನ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಹೊಲ ಬಿಡಬೇಕಾದವನಿಗೆ ಮೊದಲು ಸಲ್ಲುತ್ತದೆ. ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಸಾರಾಂಶ ಸಾಲದು, ಲೋಹ ಮತ್ತು ತ್ಯಾಜ್ಯದ ಅಧ್ಯಾಯಗಳು ಪೂರ್ತಿಯಾಗಿ ಕನ್ನಡದಲ್ಲಿ ಬರಲಿ, ಅದೂ ಅಹವಾಲು ಸಭೆಗೆ ತಿಂಗಳು ಮೊದಲೇ.