ಹಳೆಯ ಭಿತ್ತಿಪತ್ರಗಳ ಅಸ್ತರು: ಗೃಹಮಟ್ಟದ ಸಂರಕ್ಷಣೆಯಲ್ಲಿ ವಸ್ತುಗಳ ಆಯ್ಕೆ

ಭಿತ್ತಿಪತ್ರವು ಅಲ್ಪಾಯುವಾಗಿಯೇ ಹುಟ್ಟಿದ ಮುದ್ರಣ. ನಾಟಕ ಕಂಪನಿಯ ಕ್ಯಾಂಪು ಮುಗಿಯುವವರೆಗೆ ಅಥವಾ ಟಾಕೀಸಿನಲ್ಲಿ ಚಿತ್ರ ಬದಲಾಗುವವರೆಗೆ ಗೋಡೆಯ ಮೇಲೆ ನಿಂತರೆ ಅದರ ಕೆಲಸ ಮುಗಿಯುತ್ತಿತ್ತು. ಅದು ಅರ್ಧ ಶತಮಾನ ಬಾಳಬೇಕೆಂಬ ಉದ್ದೇಶ ಮುದ್ರಿಸಿದವರಿಗೂ ಇರಲಿಲ್ಲ, ಅಂಟಿಸಿದವರಿಗೂ ಇರಲಿಲ್ಲ. ಆದರೆ ಕಾಲಾಂತರದಲ್ಲಿ ಈ ಕ್ಷಣಿಕ ಕಾಗದವೇ ಚರಿತ್ರೆಯ ಆಕರವಾಗಿ ಪರಿಣಮಿಸಿದೆ. ೧೯೩೪ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಇಂತಹ ಚಿತ್ರಗಳ ವಿಷಯದಲ್ಲಿ ಪ್ರಚಾರಪತ್ರ, ಹಾಡಿನ ಪುಸ್ತಕ, ಸ್ಥಿರಚಿತ್ರಗಳೇ ಸಂಶೋಧಕನಿಗೆ ಉಳಿದಿರುವ ಸಾಕ್ಷ್ಯಗಳು. ಅವುಗಳಲ್ಲಿ ಅನೇಕವು ಸಂಗ್ರಹಾಲಯಗಳಲ್ಲಿಲ್ಲ. ಹಳೆಯ ಟಾಕೀಸುಗಳ ಅಟ್ಟದಲ್ಲಿ, ಆಸಕ್ತರ ಮನೆಯ ಟ್ರಂಕುಗಳಲ್ಲಿ ಮಡಿಕೆಯಾಗಿ ಉಳಿದಿವೆ. ಮಡಿಕೆ ಬಿಚ್ಚಿದೊಡನೆ ತುಂಡಾಗುವ ಇಂತಹ ಹಾಳೆಗೆ ಹಿಂಬದಿಯಿಂದ ಆಸರೆ ಕೊಡಬೇಕೆಂಬ ಅಪೇಕ್ಷೆ ಸಹಜ. ಆ ಆಸರೆ ಯಾವ ವಸ್ತುವಿನದಾಗಿರಬೇಕು ಎಂಬುದೇ ಈ ಲೇಖನದ ವಿಷಯ. ಗೃಹಮಟ್ಟದಲ್ಲಿ ನಡೆಯುವ ಹಾನಿಯಲ್ಲಿ ದೊಡ್ಡ ಭಾಗವು ನಿರ್ಲಕ್ಷ್ಯದಿಂದಲ್ಲ, ತಪ್ಪು ಆಸರೆಯಿಂದ ಆಗುವಂಥದ್ದು.

ಕಾಗದದ ಸ್ವಭಾವ

ಕಾಗದವು ಸೆಲ್ಯುಲೋಸ್ ಎಳೆಗಳ ಹೆಣಿಗೆ. ಎಳೆ ಉದ್ದವಾಗಿದ್ದು ಆಮ್ಲದ ಅಂಶವಿಲ್ಲದಿದ್ದರೆ ಕಾಗದ ಶತಮಾನಗಳ ಕಾಲ ಬಾಳುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಮಾರ್ಪಾಡುಗಳಾದವು. ೧೮೦೭ರಲ್ಲಿ ಜರ್ಮನಿಯ ಇಲ್ಲಿಗ್ ಎಂಬಾತನು ರಾಳ ಮತ್ತು ಪಟಿಕದಿಂದ ಕಾಗದಕ್ಕೆ ಮೈಗಾವಲು ಕೊಡುವ ವಿಧಾನವನ್ನು ಪ್ರಕಟಿಸಿದನು. ೧೮೪೦ರ ದಶಕದಲ್ಲಿ ಚಿಂದಿಬಟ್ಟೆಗೆ ಬದಲಾಗಿ ಮರವನ್ನೇ ಅರೆದು ತಿರುಳು ಮಾಡುವ ಪದ್ಧತಿ ಬಂದಿತು. ಇವುಗಳಿಂದ ಕಾಗದ ಅಗ್ಗವಾಯಿತು. ಜೊತೆಗೆ ಆಮ್ಲೀಯವೂ ಆಯಿತು. ಪಟಿಕದಿಂದ ಹುಟ್ಟುವ ಆಮ್ಲವು ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ. ಮರದ ಲಿಗ್ನಿನ್ ಅಂಶವು ಬೆಳಕಿಗೆ ಹಳದಿಗಟ್ಟುತ್ತದೆ. ಭಿತ್ತಿಪತ್ರಗಳಿಗೆ ಬಳಕೆಯಾದುದು ಬಹುಮಟ್ಟಿಗೆ ಇಂತಹ ಅಗ್ಗದ ಕಾಗದವೇ. ಇದರ ಮೇಲೆ ಮಡಿಕೆಯ ಒತ್ತಡವೂ ಸೇರುತ್ತದೆ. ೩೦ x ೪೦ ಅಂಗುಲದ ಹಾಳೆಯನ್ನು ನಾಲ್ಕಾರು ಸಲ ಮಡಿಚಿ ಊರಿಂದೂರಿಗೆ ಕಳಿಸುತ್ತಿದ್ದುದರಿಂದ ಮಡಿಕೆಗಳು ಕೂಡುವ ಜಾಗದಲ್ಲಿ ಮೊದಲು ತೂತು ಬೀಳುತ್ತದೆ.

ಆದುದರಿಂದ ಅಸ್ತರು ಹಚ್ಚುವುದೆಂದರೆ ಹರಿದುದನ್ನು ಜೋಡಿಸುವುದಷ್ಟೇ ಅಲ್ಲ. ದುರ್ಬಲವಾದ ಒಂದು ಕಾಗದವನ್ನು ಇನ್ನೊಂದು ವಸ್ತುವಿನೊಡನೆ ದೀರ್ಘಕಾಲ ಸಹವಾಸಕ್ಕೆ ಬಿಡುವುದು. ಆ ಇನ್ನೊಂದು ವಸ್ತುವಿನ ಗುಣದೋಷಗಳು ಮೂಲಕ್ಕೂ ತಟ್ಟುತ್ತವೆ.

ಪರಂಪರೆಯ ಪಾಠಗಳು

ಹಿಂಬದಿ ಆಸರೆಯ ಕಲ್ಪನೆ ಈ ನಾಡಿಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲಿನ ಪುಡಿ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಕರ್ನಾಟಕದ ಲೇಖನ ಸಂಪ್ರದಾಯದ ವಿಶಿಷ್ಟ ಸಾಧನ. ಶೃಂಗೇರಿ ಮಠದ ಕಡತಗಳು ಈ ಬಗೆಯವು. ಪಿಷ್ಟದ ಅಂಟು ಮತ್ತು ಹತ್ತಿಯ ಬಟ್ಟೆ ಪರಸ್ಪರ ಒಗ್ಗಿ ಬಾಳಬಲ್ಲವು ಎಂಬುದಕ್ಕೆ ಅವೇ ಸಾಕ್ಷಿ. ಮೋಜಣಿ ಇಲಾಖೆಯ ಹಳೆಯ ನಕ್ಷೆಗಳಲ್ಲಿಯೂ ಬಟ್ಟೆಯ ಅಸ್ತರನ್ನು ಕಾಣಬಹುದು. ಪತ್ರಾಗಾರಗಳಲ್ಲಿ ಜೀರ್ಣವಾದ ಹಾಳೆಗಳ ಎರಡೂ ಬದಿಗೆ ತೆಳುವಾದ ರೇಷ್ಮೆಯ ಶಿಫಾನ್ ಹಚ್ಚುವ ಕ್ರಮವಿತ್ತು.

ಇಪ್ಪತ್ತನೆಯ ಶತಮಾನದ ಒಂದು ಪ್ರಯೋಗ ಇಲ್ಲಿ ವಿಶೇಷವಾಗಿ ಗಮನಾರ್ಹ. ಅಮೆರಿಕದ ವಿಲಿಯಂ ಬ್ಯಾರೋ ೧೯೩೦ರ ದಶಕದಿಂದ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಶಾಖದಿಂದ ದಾಖಲೆಗಳಿಗೆ ಬೆಸೆಯುವ ವಿಧಾನವನ್ನು ಪ್ರಚಾರಕ್ಕೆ ತಂದನು. ದೆಹಲಿಯ ರಾಷ್ಟ್ರೀಯ ಪತ್ರಾಗಾರವು ಯಂತ್ರದ ಬದಲು ಅಸಿಟೋನ್ ದ್ರಾವಕದಿಂದ ಕೈಯಲ್ಲಿಯೇ ಮಾಡುವ ಪರ್ಯಾಯವನ್ನು ರೂಪಿಸಿತು. ಅಂದು ಇದು ಶಾಶ್ವತ ಪರಿಹಾರವೆಂದೇ ತೋರಿತ್ತು. ಆದರೆ ದಶಕಗಳು ಕಳೆದಂತೆ ಆ ಪ್ಲಾಸ್ಟಿಕ್ಕೇ ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುವುದು ಕಂಡುಬಂದಿತು. ಹಚ್ಚಿದ ಪದರವನ್ನು ಬಿಡಿಸುವ ಶ್ರಮ ಮುಂದಿನ ಪೀಳಿಗೆಯ ತಲೆಗೆ ಬಂದಿತು. ತಜ್ಞರ ಕೈಯಲ್ಲಿಯೇ ಹೀಗಾಗಿರುವಾಗ ಮನೆಯಲ್ಲಿ ಕೆಲಸ ಮಾಡುವವರು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ತೆಗೆಯಲು ಬಾರದ ಆಸರೆಯನ್ನು ಕೊಡಲಾಗದು.

ಅಸ್ತರಿನ ಲಕ್ಷಣಗಳು

ಯೋಗ್ಯವಾದ ಅಸ್ತರಿನಲ್ಲಿ ನಾಲ್ಕು ಗುಣಗಳನ್ನು ಅಪೇಕ್ಷಿಸಬೇಕು. ಮೊದಲನೆಯದು ಹಿಂತೆಗೆಯುವ ಸಾಧ್ಯತೆ. ತೇವ ಕೊಟ್ಟಾಗ ಮೂಲಕ್ಕೆ ಪೆಟ್ಟಾಗದಂತೆ ಅದು ಬಿಟ್ಟುಬರಬೇಕು. ಎರಡನೆಯದು ರಾಸಾಯನಿಕ ಸ್ಥಿರತೆ. ದೀರ್ಘಬಾಳಿಕೆಯ ಕಾಗದವನ್ನು ಕುರಿತ ಐಎಸ್ಒ ೯೭೦೬ ಎಂಬ ಅಂತರರಾಷ್ಟ್ರೀಯ ಮಾನದಂಡವು ೭.೫ರಿಂದ ೧೦ರವರೆಗಿನ ಪಿಎಚ್ ಮೌಲ್ಯವನ್ನೂ ಶೇಕಡ ೨ರಷ್ಟು ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮನಾದ ಕ್ಷಾರಸಂಚಯವನ್ನೂ ಬಯಸುತ್ತದೆ. ಮೂರನೆಯದು ಚಲನೆಯ ಹೊಂದಾಣಿಕೆ. ಗಾಳಿಯ ತೇವಾಂಶ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗುತ್ತದೆ. ಎಳೆಗಳ ದಿಕ್ಕಿಗೆ ಅಡ್ಡಲಾಗಿ ಈ ಚಲನೆ ಹೆಚ್ಚು. ಅಸ್ತರು ಬೇರೆ ಬಗೆಯಲ್ಲಿ ಚಲಿಸಿದರೆ ಹಾಳೆ ಸುರುಳಿಯಾಗುತ್ತದೆ ಅಥವಾ ಬಿರಿಯುತ್ತದೆ. ನಾಲ್ಕನೆಯದು ವಿನಯ. ಅಸ್ತರು ಮೂಲಕ್ಕಿಂತ ಬಲಶಾಲಿಯಾಗಿರಬಾರದು. ಎಳೆತಕ್ಕೆ ಸಿಕ್ಕಾಗ ಮೊದಲು ಸೋಲಬೇಕಾದುದು ಅಸ್ತರು, ಭಿತ್ತಿಪತ್ರವಲ್ಲ.

ವಸ್ತುಗಳ ಪರಿಶೀಲನೆ

ಈ ನಾಲ್ಕು ಗುಣಗಳಿಗೆ ಬಹುಮಟ್ಟಿಗೆ ಒದಗುವುದು ಜಪಾನಿನ ಕೋಜೊ ಕಾಗದ. ಕಾಗದದ ಹಿಪ್ಪುನೇರಳೆ ಎನ್ನಬಹುದಾದ ಗಿಡದ ಒಳತೊಗಟೆಯಿಂದ ಇದನ್ನು ಮಾಡುತ್ತಾರೆ. ಮರದ ತಿರುಳಿನ ಎಳೆಗಳು ಕೆಲವೇ ಮಿಲಿಮೀಟರ್ ಉದ್ದವಿದ್ದರೆ ಕೋಜೊ ಎಳೆಗಳು ಅದಕ್ಕಿಂತ ಹಲವು ಪಟ್ಟು ಉದ್ದ. ಆದ್ದರಿಂದಲೇ ತೀರ ತೆಳುವಾದ ಹಾಳೆಯೂ ಗಟ್ಟಿಯಾಗಿರುತ್ತದೆ. ಭಿತ್ತಿಪತ್ರಕ್ಕೆ ಚದರ ಮೀಟರಿಗೆ ೨೦ರಿಂದ ೪೦ ಗ್ರಾಂ ತೂಕದ ಹಾಳೆ ಸಾಕು. ಇಂತಹ ಹಾಳೆಗಳು ಸಾಮಾನ್ಯವಾಗಿ ೬೦ x ೯೦ ಸೆಂಟಿಮೀಟರ್ ಆಸುಪಾಸಿನವು. ದೊಡ್ಡ ಭಿತ್ತಿಪತ್ರಕ್ಕೆ ಎರಡನ್ನು ಜೋಡಿಸಬೇಕಾದಾಗ ಅಂಚನ್ನು ಕತ್ತರಿಸದೆ, ನೀರಿನ ಗೆರೆ ಎಳೆದು ಹರಿದುಕೊಳ್ಳಬೇಕು. ಎಳೆಗಳು ಕುಚ್ಚಾಗಿ ಹೊರಚಾಚಿರುವುದರಿಂದ ಜೋಡಣೆಯ ಗೆರೆ ಮುಂಬದಿಗೆ ಮೂಡುವುದಿಲ್ಲ.

ಬೆಲೆ ಮತ್ತು ಲಭ್ಯತೆಯ ದೃಷ್ಟಿಯಿಂದ ಸಮೀಪದ ಪರ್ಯಾಯಗಳನ್ನೂ ಪರಿಶೀಲಿಸಬಹುದು. ನೇಪಾಳದ ಲೋಕ್ತಾ ಮತ್ತು ಅರುಣಾಚಲ ಪ್ರದೇಶದ ಮೋನ್ಪಾ ಜನರ ‘ಮೋನ್ ಶುಗು’ ಕಾಗದಗಳು ಇಂತಹವೇ ತೊಗಟೆಯ ಉದ್ದ ಎಳೆಯವು. ಅಳಿವಿನಂಚಿಗೆ ಬಂದಿದ್ದ ಮೋನ್ ಶುಗುವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೨೦೨೦ರಲ್ಲಿ ತವಾಂಗ್‌ನಲ್ಲಿ ಪುನರುಜ್ಜೀವನಗೊಳಿಸಿತು. ಆದರೆ ಕೈಕಾಗದದ ದಪ್ಪ ಹಾಳೆಯಿಂದ ಹಾಳೆಗೆ ಬದಲಾಗುವುದರಿಂದ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ಆರಿಸಿಕೊಳ್ಳಬೇಕು. ಹತ್ತಿಚಿಂದಿಯ ಖಾದಿ ಕಾಗದವು ಆಮ್ಲರಹಿತವಾಗಿದ್ದರೂ ಸಾಮಾನ್ಯವಾಗಿ ದಪ್ಪ. ಅಸ್ತರಿಗಿಂತ ಭಿತ್ತಿಪತ್ರವನ್ನು ಇಡುವ ಲಕೋಟೆಗೆ ಅದು ಹೆಚ್ಚು ಸೂಕ್ತ. ಯಾವ ಕಾಗದವೇ ಆಗಲಿ, ‘ಕೈಯಿಂದ ಮಾಡಿದ್ದು’ ಎಂಬ ಮಾತನ್ನೇ ಪ್ರಮಾಣವೆಂದು ಭಾವಿಸದೆ ಒಂದು ತೊಟ್ಟು ಭಟ್ಟಿ ಇಳಿಸಿದ ನೀರು ಮತ್ತು ಪಿಎಚ್ ಪಟ್ಟಿಯಿಂದ ಪರೀಕ್ಷಿಸಿಕೊಳ್ಳುವುದು ಒಳಿತು.

ಬಟ್ಟೆಯ ವಿಷಯದಲ್ಲಿ ಒಂದು ತಪ್ಪು ಗ್ರಹಿಕೆ ರೂಢಿಯಲ್ಲಿದೆ. ಪಾಶ್ಚಾತ್ಯ ಸಂಗ್ರಾಹಕರ ವಲಯದಲ್ಲಿ ‘ಲಿನನ್ ಅಸ್ತರು’ ಪ್ರಸಿದ್ಧ. ಇಂದು ಅದಕ್ಕೆ ಬಳಸುವುದು ಹೆಚ್ಚಾಗಿ ಹತ್ತಿಯ ಕ್ಯಾನ್ವಾಸು. ಅಷ್ಟೇ ಅಲ್ಲದೆ ಕ್ರಮಬದ್ಧ ಕೆಲಸದಲ್ಲಿ ಭಿತ್ತಿಪತ್ರ ನೇರವಾಗಿ ಬಟ್ಟೆಗೆ ಅಂಟುವುದಿಲ್ಲ. ನಡುವೆ ಆಮ್ಲರಹಿತ ಕಾಗದದ ಪದರವಿರುತ್ತದೆ. ಈ ಪದರವನ್ನು ಬಿಟ್ಟು ಕೋರಾ ಬಟ್ಟೆಗೆ ನೇರ ಅಂಟಿಸಿದರೆ ನೇಯ್ಗೆಯ ಗುರುತು ಚಿತ್ರದ ಮೇಲೆ ಮೂಡುತ್ತದೆ. ತೇವಕ್ಕೆ ಬಟ್ಟೆಯ ಎಳೆತವೂ ಕಾಗದಕ್ಕೆ ತಾಗುತ್ತದೆ. ಹಲವು ಹಾಳೆಗಳನ್ನು ಕೂಡಿಸಿದ ಬೃಹತ್ ಭಿತ್ತಿಪತ್ರಗಳಿಗೆ ಮಾತ್ರ ಬಟ್ಟೆ ಅನಿವಾರ್ಯವಾಗಬಹುದು. ಆಗ ಅದರ ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಒಗೆದು, ನೀಲಿ ಹಾಕದೆ ಒಣಗಿಸಿ ಬಳಸಬೇಕು.

ವರ್ಜ್ಯ ವಸ್ತುಗಳ ಪಟ್ಟಿ ದೀರ್ಘವಾದರೂ ಅವುಗಳ ದೋಷ ಒಂದೇ ಬಗೆಯದು. ವೃತ್ತಪತ್ರಿಕೆ, ಕಂದು ಕಾಗದ, ಸಾಮಾನ್ಯ ರಟ್ಟು, ಪ್ಲೈವುಡ್ ಇವೆಲ್ಲ ಆಮ್ಲವನ್ನು ಅಥವಾ ಆಮ್ಲೀಯ ಆವಿಯನ್ನು ಬಿಡುತ್ತವೆ. ಪಾರದರ್ಶಕ ಅಂಟುಪಟ್ಟಿಯ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ. ಅಂಗಡಿಗಳಲ್ಲಿ ಮಾಡುವ ಬಿಸಿ ಲ್ಯಾಮಿನೇಷನ್ನನ್ನು ಮನೆಯಲ್ಲಿ ಹಿಂತೆಗೆಯುವ ದಾರಿಯೇ ಇಲ್ಲ.

ಅಂಟು

ಅಸ್ತರಿನಷ್ಟೇ ಮುಖ್ಯವಾದುದು ಅಂಟು. ಮೈದಾ ಗೋಂದಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುವುದು ರಟ್ಟು ಕಟ್ಟುವವರಲ್ಲಿ ರೂಢಿ. ಆದರೆ ತಾಮ್ರದ ಅಂಶವು ಸೆಲ್ಯುಲೋಸಿನ ಉತ್ಕರ್ಷಣವನ್ನು ತ್ವರಿತಗೊಳಿಸುವುದರಿಂದ ಸಂರಕ್ಷಣೆಯಲ್ಲಿ ಅದು ಸಲ್ಲದು. ಪಾಲಿವಿನೈಲ್ ಅಸಿಟೇಟ್ ಆಧಾರಿತ ಬಿಳಿ ಅಂಟು ಒಣಗಿದ ಮೇಲೆ ಸುಲಭವಾಗಿ ಬಿಡದು.

ಶ್ರೇಷ್ಠವಾದುದು ಗೋಧಿಯ ಪಿಷ್ಟ. ಹಲ್ವಕ್ಕೆ ಗೋಧಿಹಾಲು ತೆಗೆಯಲು ಬಲ್ಲ ಮನೆಗಳಿಗೆ ಇದು ಅಪರಿಚಿತವಲ್ಲ. ಮೈದಾಹಿಟ್ಟನ್ನು ಕಲಸಿ ನೆನೆಯಿಟ್ಟು, ನೀರಿನಲ್ಲಿ ಹಿಸುಕಿದರೆ ಜಿಗುಟಾದ ಗ್ಲುಟೆನ್ ಕೈಯಲ್ಲಿ ಉಳಿದು ಪಿಷ್ಟವು ಹಾಲಾಗಿ ಇಳಿಯುತ್ತದೆ. ತಳಗಟ್ಟಿದ ಪಿಷ್ಟದ ಮೇಲಿನ ತಿಳಿಯನ್ನು ಬಸಿದು ಒಣಗಿಸಿಟ್ಟುಕೊಳ್ಳಬೇಕು. ಒಂದು ಪಾಲು ಪಿಷ್ಟಕ್ಕೆ ನಾಲ್ಕೈದು ಪಾಲು ಭಟ್ಟಿ ಇಳಿಸಿದ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಮಿಕ್ಕಿ ಕೈಬಿಡದೆ ತಿರುವಿ, ಆರಿದ ಮೇಲೆ ಎರಡು ಸಲ ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತಂದುಕೊಳ್ಳಬೇಕು. ಇದು ಕೆಲವೇ ದಿನ ಉಳಿಯುತ್ತದೆ. ಹುಳಿವಾಸನೆ ಬಂದರೆ ಚೆಲ್ಲುವುದೇ ಸರಿ. ಹುಳಗಳ ಬಾಧೆ ಹೆಚ್ಚಿರುವಲ್ಲಿ ಮೀಥೈಲ್ ಸೆಲ್ಯುಲೋಸ್ ಬಳಸಬಹುದು. ಅದರ ಹಿಡಿತ ಕಡಿಮೆಯಾದರೂ ಅದು ಹುಳಗಳಿಗೆ ಆಹಾರವಲ್ಲ.

ವಿಧಾನ ಮತ್ತು ಮಿತಿ

ಕೆಲಸಕ್ಕೆ ಮೊದಲು ಪ್ರತಿ ಬಣ್ಣದ ಮೇಲೂ ಅಂಚಿನಲ್ಲಿ ಒಂದು ತೊಟ್ಟು ನೀರಿಟ್ಟು ಒತ್ತುಕಾಗದದಿಂದ ಒತ್ತಿ ನೋಡಬೇಕು. ಎಣ್ಣೆಯ ಆಧಾರದ ಮುದ್ರಣ ಮಸಿ ಸಾಮಾನ್ಯವಾಗಿ ನೀರಿಗೆ ಕದಲದು. ಆದರೆ ಟಾಕೀಸಿನ ಮೊಹರು, ಶಾಯಿಯಲ್ಲಿ ಬರೆದ ಪ್ರದರ್ಶನದ ವೇಳೆ, ಕೈಯಿಂದ ತುಂಬಿದ ಬಣ್ಣ ಇವು ಹರಡಬಹುದು. ಚರಿತ್ರೆಯ ದೃಷ್ಟಿಯಿಂದ ಆ ಮೊಹರು ಚಿತ್ರದಷ್ಟೇ ಬೆಲೆಯುಳ್ಳದ್ದು. ಬಣ್ಣ ಕದಲಿದರೆ ಅಥವಾ ಕಾಗದ ಹೊಳಪು ಲೇಪನದ್ದಾಗಿದ್ದರೆ ಮನೆಯಲ್ಲಿ ನೀರಿನ ಕೆಲಸಕ್ಕೆ ಕೈಹಾಕಬಾರದು.

ಪರೀಕ್ಷೆಯಲ್ಲಿ ತೇರ್ಗಡೆಯಾದ ಹಾಳೆಯನ್ನು ಮೃದು ಕುಂಚದಿಂದ ಧೂಳು ತೆಗೆದು, ಪಾಲಿಯೆಸ್ಟರ್ ಹಾಳೆಯ ಮೇಲೆ ಬೋರಲಾಗಿ ಹಾಸಿ, ನೀರಿನ ಸೂಕ್ಷ್ಮ ತುಂತುರಿನಿಂದ ಸಡಿಲಗೊಳಿಸಬೇಕು. ಅಂಟನ್ನು ಭಿತ್ತಿಪತ್ರಕ್ಕಲ್ಲ, ಅಸ್ತರಿಗೆ ಬಳಿಯಬೇಕು. ಎರಡರ ಎಳೆಗಳ ದಿಕ್ಕು ಒಂದೇ ಆಗಿರುವಂತೆ ನೋಡಿಕೊಂಡು, ನಡುವಿನಿಂದ ಅಂಚಿಗೆ ಕುಂಚವಾಡಿಸಿ ಗಾಳಿಯನ್ನು ಹೊರದೂಡಬೇಕು. ಬಳಿಕ ಹಾಳೆಯ ಎರಡೂ ಬದಿಗೆ ಅಂಟು ಹಿಡಿಯದ, ನೇಯದ ಪಾಲಿಯೆಸ್ಟರ್ ಬಟ್ಟೆಯನ್ನಿಟ್ಟು, ಅದರ ಹೊರಗೆ ಒತ್ತುಕಾಗದಗಳನ್ನಿಟ್ಟು, ಸಮನಾದ ಭಾರ ಹೇರಿ, ಒತ್ತುಕಾಗದವನ್ನು ಬದಲಿಸುತ್ತ ಹಲವು ದಿನ ಒಣಗಲು ಬಿಡಬೇಕು. ಬಿಸಿಲು, ಇಸ್ತ್ರಿಪೆಟ್ಟಿಗೆ ಎರಡೂ ಸಲ್ಲವು. ಚಿತ್ರ ಕಳೆದುಹೋದ ಜಾಗದಲ್ಲಿ ಬಣ್ಣ ತುಂಬುವುದಾದರೆ ಕಾಣುವ ಅಸ್ತರಿನ ಮೇಲೆ ಮಾತ್ರ ತುಂಬಬೇಕು. ಮೂಲ ಮುದ್ರಣದ ಮೇಲೆ ಕುಂಚ ಹರಿಯಬಾರದು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇಕಡ ೮೦ನ್ನು ಮೀರುವುದುಂಟು. ಶೇಕಡ ೬೫ನ್ನು ದಾಟಿದರೆ ಬೂಷ್ಟಿನ ಭಯವಿರುತ್ತದೆ. ಪಿಷ್ಟದ ಕೆಲಸವನ್ನು ಒಣ ತಿಂಗಳುಗಳಿಗೆ ಮೀಸಲಿಡುವುದು ವಿವೇಕ.

ಕೊನೆಯದಾಗಿ, ಎಲ್ಲ ಭಿತ್ತಿಪತ್ರಗಳಿಗೂ ಅಸ್ತರು ಬೇಕಿಲ್ಲ. ಅಂಚಿನಲ್ಲಷ್ಟೇ ಹರಿದಿದ್ದರೆ ತೆಳು ಕೋಜೊ ಪಟ್ಟಿ ಸಾಕು. ಮಡಿಕೆ ಬಿಚ್ಚಿ, ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಸಮತಟ್ಟಾಗಿ ಇಡುವುದರಿಂದಲೇ ಅನೇಕ ಪ್ರತಿಗಳು ಉಳಿಯಬಲ್ಲವು. ಇನ್ನೊಂದು ಪ್ರತಿ ಇದೆಯೆಂಬ ಖಚಿತತೆ ಇಲ್ಲದ ಭಿತ್ತಿಪತ್ರದ ಮೇಲೆ ಮೊದಲ ಪ್ರಯೋಗ ನಡೆಸುವುದು ಅನುಚಿತ. ಅಂತಹವುಗಳ ಛಾಯಾಪ್ರತಿ ತೆಗೆದಿಟ್ಟು, ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯದಂತಹ ಸಂಸ್ಥೆಗಳ ಸಲಹೆ ಪಡೆಯುವುದು ಮೇಲು. ಕೈಕೆಲಸವನ್ನು ಬೆಲೆಯಿಲ್ಲದ ಹಳೆಯ ಕಾಗದಗಳ ಮೇಲೆ ಪಳಗಿಸಿಕೊಳ್ಳಬೇಕು. ಮುಂದೊಂದು ದಿನ ಇನ್ನೂ ಉತ್ತಮ ವಿಧಾನ ಬಂದಾಗ, ಇಂದಿನ ಅಸ್ತರು ತಕರಾರಿಲ್ಲದೆ ಬಿಟ್ಟುಬಂದು ಭಿತ್ತಿಪತ್ರವನ್ನು ಯಥಾಸ್ಥಿತಿಯಲ್ಲಿ ಒಪ್ಪಿಸುವಂತಿರಬೇಕು. ಮನೆಯಲ್ಲಿ ನಡೆಯುವ ಸಂರಕ್ಷಣೆಗೂ ಪ್ರಯೋಗಾಲಯದ ಸಂರಕ್ಷಣೆಗೂ ಸಮಾನವಾದ ಅಳತೆಗೋಲು ಇದೇ.